ಎಲ್ಎಂ-ಲ್ಯಾಗ್, ಎಲ್ಎಂ-ಎರರ್ ಎರಡೂ ಸಿಗ್ನಿಫಿಕೆಂಟ್ ಬಂದಿವೆ, ಈಗ ಯಾವ ಮಾಡೆಲ್ ಹಿಡಿಯಲಿ?

ಮೊದಲಪಾಠ:
ಎಲ್ಲರಿಗೂ ನಮಸ್ಕಾರ. ಸ್ಪೇಷಿಯಲ್ ಎಕನಾಮೆಟ್ರಿಕ್ಸ್, ಅಂದರೆ ಅಕ್ಕಪಕ್ಕದ ಜಾಗಗಳ ನಡುವಿನ ಸಂಬಂಧವನ್ನೂ ಲೆಕ್ಕಕ್ಕೆ ತಗೊಳ್ಳುವ ರಿಗ್ರೆಷನ್, ಈಗ ತಾನೆ ಕಲಿಯುತ್ತಿದ್ದೇನೆ. ಸ್ವಂತ ಡೇಟಾಗೆ ಕೈ ಹಾಕುವ ಮುಂಚೆ ಎಲ್ಲರೂ ಶುರು ಮಾಡುವ ಕೊಲಂಬಸ್ ಡೇಟಾವನ್ನೇ ಹಿಡಿದೆ. ಅಮೆರಿಕದ ಒಹಾಯೋದ ಕೊಲಂಬಸ್ ನಗರ, 1980, ಒಟ್ಟು 49 ಬಡಾವಣೆ. ಸಾವಿರ ಮನೆಗೆ ಎಷ್ಟು ಮನೆಗಳ್ಳತನ ಮತ್ತು ವಾಹನ ಕಳವು ಅನ್ನುವುದು ವೈ. ಆದಾಯ, ಮನೆ ಬೆಲೆ ಎರಡು ಎಕ್ಸ್. ಆರ್ ಸಾಫ್ಟ್‌ವೇರ್‌ನಲ್ಲಿ ಎಸ್‌ಪಿಡೆಪ್ ಪ್ಯಾಕೇಜ್ ಜೊತೆ ಬರುವ ಹಳೇ ನೆರೆ-ಪಟ್ಟಿಯನ್ನೇ ತಗೊಂಡು, ಪ್ರತಿ ಸಾಲಿನ ತೂಕ ಕೂಡಿದರೆ 1 ಆಗುವ ಹಾಗೆ ಮಾಡಿದ್ದೇನೆ (ಈ ತೂಕಗಳ ಪಟ್ಟಿಯೇ ಡಬ್ಲ್ಯೂ).

ಸಾದಾ ಓಎಲ್ಎಸ್‌ನಲ್ಲಿ (ನೆರೆಯನ್ನು ಲೆಕ್ಕಕ್ಕೆ ತಗೊಳ್ಳದ ಮಾಮೂಲಿ ರಿಗ್ರೆಷನ್) ಆದಾಯಕ್ಕೆ ಮೈನಸ್ 1.60, ಮನೆ ಬೆಲೆಗೆ ಮೈನಸ್ 0.27 ಬಂತು. ಲ್ಯಾಗ್ ಮಾಡೆಲ್ ಅಂದರೆ ನೆರೆಯವರ ವೈ ನನ್ನ ವೈ ಮೇಲೆ ಪರಿಣಾಮ ಬೀರುತ್ತದೆ ಅನ್ನುವುದು, ಎರರ್ ಮಾಡೆಲ್ ಅಂದರೆ ಲೆಕ್ಕಕ್ಕೆ ಸಿಗದೆ ಉಳಿದ ಭಾಗದಲ್ಲಿ ಮಾತ್ರ ನೆರೆಯವರ ಜೊತೆ ಸಂಬಂಧ ಇದೆ ಅನ್ನುವುದು. ಇವುಗಳ ಎಲ್ಎಂ (ಲಗ್ರಾಂಜ್ ಮಲ್ಟಿಪ್ಲೈಯರ್) ಟೆಸ್ಟ್‌ಗಳು:

ಎಲ್ಎಂ-ಎರರ್ 5.72
ಎಲ್ಎಂ-ಲ್ಯಾಗ್ 9.36
ರೋಬಸ್ಟ್ ಎಲ್ಎಂ-ಎರರ್ 0.08
ರೋಬಸ್ಟ್ ಎಲ್ಎಂ-ಲ್ಯಾಗ್ 3.72
ಎರಡನ್ನೂ ಕೂಡಿಸಿದ ಸಾರ್ಮಾ ಟೆಸ್ಟ್ 9.44

5 ಪರ್ಸೆಂಟ್ ಗಡಿ 3.84 ಅಲ್ವಾ. ಮೊದಲ ಎರಡೂ ದಾಟಿವೆ, ರೋಬಸ್ಟ್ ಎರಡೂ ದಾಟಿಲ್ಲ. ಹಾಗಾದರೆ ಸ್ಪೇಷಿಯಲ್ ಸಂಬಂಧ ಇದೆಯೋ ಇಲ್ಲವೋ? ಲ್ಯಾಗ್ ಮಾಡೆಲ್ ಹಾಕಬೇಕೋ ಎರರ್ ಮಾಡೆಲ್ ಹಾಕಬೇಕೋ?

ನಕ್ಷೆಗಾರ:
ಇದಕ್ಕೆ ದಾರಿ ಮೊದಲೇ ಇದೆ. ಸಾದಾ ಎಲ್ಎಂ ಎರಡರಲ್ಲಿ ಒಂದೇ ಸಿಗ್ನಿಫಿಕೆಂಟ್ ಆದರೆ ಅದನ್ನು ಹಿಡಿಯಿರಿ. ಎರಡೂ ಆದರೆ ರೋಬಸ್ಟ್ ನೋಡಿ, ಯಾವುದು ದೊಡ್ಡದೋ ಅದು. ಅನ್ಸೆಲಿನ್, ಬೇರಾ, ಫ್ಲೋರಾಕ್ಸ್, ಯೂನ್ 1996ರಲ್ಲಿ ಈ ರೋಬಸ್ಟ್ ಟೆಸ್ಟ್‌ಗಳನ್ನು ಕೊಟ್ಟಿದ್ದೇ ಇಂಥ ಗೊಂದಲಕ್ಕೆ. ನಿಮ್ಮಲ್ಲಿ 3.72 ಎಲ್ಲಿ, 0.08 ಎಲ್ಲಿ! ಪಿ-ವ್ಯಾಲ್ಯೂ 0.054, ಗಡಿಗೆ ಕೂದಲೆಳೆ ಅಂತರ. ಲ್ಯಾಗ್ ಮಾಡೆಲ್ ಹಾಕಿ, ಮುಂದೆ ಹೋಗಿ.

ಹಳೇಲೆಕ್ಕಿಗ:
ನಕ್ಷೆಗಾರರೇ, ನೀವು ಹೇಳಿದ ಕ್ರಮ ಪುಸ್ತಕದ ಕ್ರಮ, ತಪ್ಪಿಲ್ಲ. ಆದರೆ ಮೊದಲಪಾಠ ಅವರು ಈಗ ಕಲಿಯುತ್ತಿದ್ದಾರೆ. ಈ ಹಂತದಲ್ಲೇ ಒಂದು ವಿಷಯ ತಲೆಗೆ ಹೋಗಲಿ ಅಂತ ಸ್ವಲ್ಪ ಉದ್ದ ಬರೆಯುತ್ತೇನೆ. ನನಗೆ ಇದು ಅರ್ಥವಾಗಲು ತುಂಬಾ ವರ್ಷ ಬೇಕಾಯಿತು.

ಎಲ್ಎಂ ಟೆಸ್ಟ್‌ನ ಒಳಗೆ ಏನಿದೆ ಅಂತ ಬಿಚ್ಚಿ ನೋಡಿ. ಎಲ್ಎಂ-ಎರರ್ ಕೇಳುವುದು ಇಷ್ಟೇ: ನನ್ನ ರೆಸಿಡ್ಯುಯಲ್‌ಗೂ (ನಿಜವಾದ ವೈನಿಂದ ಓಎಲ್ಎಸ್ ಅಂದಾಜು ಕಳೆದರೆ ಉಳಿಯುವುದು) ನನ್ನ ನೆರೆಯವರ ರೆಸಿಡ್ಯುಯಲ್‌ನ ಸರಾಸರಿಗೂ ತಾಳೆ ಇದೆಯಾ? ಎರಡನ್ನೂ ಗುಣಿಸಿ, ಕೂಡಿಸಿ, ವೇರಿಯನ್ಸ್‌ನಿಂದ ಭಾಗಿಸಿ, ವರ್ಗ ಮಾಡಿ, ಡಬ್ಲ್ಯೂ ಮ್ಯಾಟ್ರಿಕ್ಸ್‌ನಿಂದ ಬರುವ ಒಂದು ಸ್ಥಿರ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಇದು ಮೊರಾನ್ ಐ (ಅಕ್ಕಪಕ್ಕದ ಬೆಲೆಗಳು ಎಷ್ಟು ಹೋಲುತ್ತವೆ ಅನ್ನುವ ಅಳತೆ) ವರ್ಗಕ್ಕೆ ಸ್ಕೇಲ್ ಬದಲಿಸಿದ ರೂಪವೇ. ಬರಿಜ್ 1980ರಲ್ಲೇ ತೋರಿಸಿದ್ದರು.

ಎಲ್ಎಂ-ಲ್ಯಾಗ್ ಕೇಳುವುದು: ನನ್ನ ರೆಸಿಡ್ಯುಯಲ್‌ಗೂ ನೆರೆಯವರ ವೈ ಸರಾಸರಿಗೂ ತಾಳೆ ಇದೆಯಾ? ಇಲ್ಲಿ ಒಂದು ನಿಮಿಷ ನಿಲ್ಲಿ. ನೆರೆಯವರ ವೈ ಅಂದರೆ ಏನು? ಓಎಲ್ಎಸ್ ಅವರಿಗೆ ಕೊಟ್ಟ ಅಂದಾಜು, ಅದಕ್ಕೆ ಅವರ ರೆಸಿಡ್ಯುಯಲ್ ಕೂಡಿಸಿದ್ದು. ಅಂದರೆ ಎಲ್ಎಂ-ಲ್ಯಾಗ್‌ನ ಮೇಲಿನ ಭಾಗದಲ್ಲಿ ಎರಡು ತುಂಡು ಇವೆ. ಒಂದು, ನನ್ನ ರೆಸಿಡ್ಯುಯಲ್ ಮತ್ತು ನೆರೆಯವರ ಅಂದಾಜಿನ ತಾಳೆ. ಇನ್ನೊಂದು, ನನ್ನ ರೆಸಿಡ್ಯುಯಲ್ ಮತ್ತು ನೆರೆಯವರ ರೆಸಿಡ್ಯುಯಲ್‌ನ ತಾಳೆ. ಆ ಎರಡನೇ ತುಂಡು ಎಲ್ಎಂ-ಎರರ್‌ನದ್ದೇ! ಹಾಗಾಗಿ ಎರರ್‌ನಲ್ಲಿ ಮಾತ್ರ ಸಂಬಂಧ ಇದ್ದರೂ ಎಲ್ಎಂ-ಲ್ಯಾಗ್ ಮೇಲೇಳುತ್ತದೆ. ಎರಡೂ ಒಟ್ಟಿಗೆ ಸಿಗ್ನಿಫಿಕೆಂಟ್ ಬರುವುದು ಇದೇ ಕಾರಣಕ್ಕೆ, ಇದರಲ್ಲಿ ವಿಶೇಷ ಏನೂ ಇಲ್ಲ.

ರೋಬಸ್ಟ್ ಎಲ್ಎಂ-ಲ್ಯಾಗ್ ಏನು ಮಾಡುತ್ತದೆ? ಎರರ್ ತುಂಡನ್ನು ಕಳೆಯುತ್ತದೆ. ಉಳಿಯುವುದು ಮೊದಲ ತುಂಡು ಮಾತ್ರ. ನನ್ನ ರೆಸಿಡ್ಯುಯಲ್, ಮತ್ತು ನೆರೆಯವರ ಎಕ್ಸ್‌ಗಳಿಂದ ಮಾಡಿದ ಅಂದಾಜು. ಕೆಳಗಿನ ಭಾಗವೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಕೊನೆಗೆ ಅದು ಓಎಲ್ಎಸ್‌ಗೆ ನೆರೆಯವರ ಅಂದಾಜನ್ನು ಒಂದು ಹೊಸ ವೇರಿಯಬಲ್ ಆಗಿ ಸೇರಿಸಿದರೆ ಉಪಯೋಗ ಇದೆಯಾ ಅಂತ ಕೇಳುವ ಟೆಸ್ಟ್ ಆಗಿಬಿಡುತ್ತದೆ.

ಈಗ ಹೇಳಿ, ಅದು 'ನೆರೆಯವರ ಕಳವು ನನ್ನ ಕಳವನ್ನು ಏರಿಸುತ್ತದೆ' ಅನ್ನುವುದಕ್ಕೆ ಸಾಕ್ಷಿಯಾ? ಆಗಬಹುದು. ಆದರೆ 'ನೆರೆಯವರ ಆದಾಯ ನನ್ನ ಕಳವಿನ ಮೇಲೆ ಪರಿಣಾಮ ಬೀರುತ್ತದೆ' ಅನ್ನುವುದಕ್ಕೂ ಅಷ್ಟೇ ಸಾಕ್ಷಿ. ರೋ (ಲ್ಯಾಗ್ ಮಾಡೆಲ್‌ನಲ್ಲಿ ನೆರೆಯವರ ವೈಗೆ ಇರುವ ಗುಣಾಂಕ) ಸೊನ್ನೆಯೇ ಇದ್ದು ನೆರೆಯ ಎಕ್ಸ್ ಮಾತ್ರ ಬಿಟ್ಟುಹೋಗಿದ್ದರೂ ಈ ಟೆಸ್ಟ್ ಕೆಂಪು ದೀಪ ಹಚ್ಚುತ್ತದೆ. ನೀವೇ ಡೇಟಾ ತಯಾರಿಸಿ ನೋಡಿ: ರೋ ಸೊನ್ನೆ ಇಡಿ, ನೆರೆಯ ಎಕ್ಸ್‌ಗೆ ದೊಡ್ಡ ಗುಣಾಂಕ ಕೊಡಿ, ಓಎಲ್ಎಸ್‌ನಲ್ಲಿ ಅದನ್ನು ಬಿಟ್ಟುಬಿಡಿ. ಗೊತ್ತಾಗುತ್ತದೆ.

ಮೊದಲಪಾಠ:
ಸರ್, ಇದನ್ನು ಮೂರು ಸಲ ಓದಿದೆ. ಟೆಸ್ಟ್‌ನ ಹೆಸರಲ್ಲಿ ಲ್ಯಾಗ್ ಅಂತ ಇದ್ದರೆ ಅದು ಲ್ಯಾಗ್ ಮಾಡೆಲ್‌ಗೆ ಹಾಕಿದ ಓಟು ಅಂದುಕೊಂಡಿದ್ದೆ.

ಹಿಂದಿನ ಹಂತದಲ್ಲೇ ಇನ್ನೊಂದು ಸಂಶಯ ಇದೆ. ರೆಸಿಡ್ಯುಯಲ್‌ನ ಮೊರಾನ್ ಐ 0.236 ಬಂತು. ಪಾಠದಲ್ಲಿ ಅದರ ನಿರೀಕ್ಷಿತ ಬೆಲೆ ಮೈನಸ್ ಒಂದು ಭಾಗಿಸು (ಎನ್ ಮೈನಸ್ ಒಂದು) ಅಂತ ಇದೆ, ಇಲ್ಲಿ ಎನ್ 49, ಅಂದರೆ ಮೈನಸ್ 0.021. ಆದರೆ ಸಾಫ್ಟ್‌ವೇರ್ ಮೈನಸ್ 0.033 ತೋರಿಸುತ್ತಿದೆ. ಯಾಕೆ?

ಗುಣಾಕಾರ:
ಯಾಕೆಂದರೆ ರೆಸಿಡ್ಯುಯಲ್ ನೇರ ಅಳತೆ ಮಾಡಿದ ಡೇಟಾ ಅಲ್ಲ. ಅದು ರಿಗ್ರೆಷನ್ ಕಳೆದ ಮೇಲೆ ಉಳಿದದ್ದು. ಎಕ್ಸ್‌ಗಳೇ ನಕ್ಷೆಯಲ್ಲಿ ಗುಂಪುಗುಂಪಾಗಿ ಇರುತ್ತವೆ, ಆ ಗುಂಪನ್ನು ರಿಗ್ರೆಷನ್ ಎಳೆದುಕೊಂಡ ಮೇಲೆ ಉಳಿದದ್ದು ತುಸು ಜಾಸ್ತಿ ನೆಗೆಟಿವ್ ಕಡೆ ವಾಲುತ್ತದೆ. ಕ್ಲಿಫ್ ಮತ್ತು ಆರ್ಡ್ 1972ರಲ್ಲಿ ರೆಸಿಡ್ಯುಯಲ್‌ಗೆ ಅಂತಲೇ ಬೇರೆ ಸರಾಸರಿ, ಬೇರೆ ವೇರಿಯನ್ಸ್ ಕೊಟ್ಟಿದ್ದಾರೆ. ಅದರಲ್ಲಿ ಎಕ್ಸ್ ಮ್ಯಾಟ್ರಿಕ್ಸ್ ಕೂಡ ಬರುತ್ತದೆ. ನಿಮಗೆ ಬಂದ ಮೈನಸ್ 0.033 ಅದೇ. ವೇರಿಯನ್ಸ್ 0.0083 ಇರಬೇಕು, ಹಾಗಾದರೆ ಝಡ್ 2.95.

ಮೊರಾನ್ ಐ ಏನು ಅಂತ ಕೈಯಲ್ಲೇ ಒಂದು ಸಲ ಮಾಡಿ ನೋಡಬೇಕು, ಸುಮ್ನೆ ಬಟನ್ ಒತ್ತಿದರೆ ಮನಸ್ಸಿಗೆ ಹತ್ತುವುದಿಲ್ಲ. ಒಂದು ಸಾಲಿನಲ್ಲಿ ನಾಲ್ಕು ಜಾಗ ಇಟ್ಟುಕೊಳ್ಳಿ. ಬೆಲೆಗಳು 2, 1, ಮೈನಸ್ 1, ಮೈನಸ್ 2. ಪಕ್ಕದವರೇ ನೆರೆ. ತುದಿಯವರಿಗೆ ಒಬ್ಬರೇ ನೆರೆ, ನಡುವಿನವರಿಗೆ ಇಬ್ಬರು, ಅರ್ಧ ಅರ್ಧ ತೂಕ.

ನೆರೆಯ ಸರಾಸರಿ ಬರೆಯಿರಿ: ಮೊದಲನೆಯವರಿಗೆ 1, ಎರಡನೆಯವರಿಗೆ 2 ಮತ್ತು ಮೈನಸ್ 1ರ ಸರಾಸರಿ 0.5, ಮೂರನೆಯವರಿಗೆ ಮೈನಸ್ 0.5, ನಾಲ್ಕನೆಯವರಿಗೆ ಮೈನಸ್ 1. ಸ್ವಂತ ಬೆಲೆ ಜೊತೆ ಗುಣಿಸಿ ಕೂಡಿ: 2 + 0.5 + 0.5 + 2 = 5. ವರ್ಗಗಳ ಮೊತ್ತ 4 + 1 + 1 + 4 = 10. ಐ ಅಂದರೆ 0.5.

ಅದೇ ನಾಲ್ಕು ಬೆಲೆಯನ್ನು 2, ಮೈನಸ್ 1, 1, ಮೈನಸ್ 2 ಅಂತ ಜೋಡಿಸಿ. ಮೇಲಿನ ಮೊತ್ತ ಮೈನಸ್ 7, ಐ ಮೈನಸ್ 0.7. ಬೆಲೆಗಳು ಅವೇ, ಸರಾಸರಿ ಅದೇ, ವೇರಿಯನ್ಸ್ ಅದೇ. ಕೂತ ಜಾಗ ಮಾತ್ರ ಬೇರೆ. ಈ ಟೆಸ್ಟ್ ನೋಡುವುದು ಅದೊಂದನ್ನೇ.

ಇನ್ನೂ ಒಂದು ಹೆಜ್ಜೆ. ನಾಲ್ಕು ಬೆಲೆಯನ್ನು 24 ರೀತಿ ಜೋಡಿಸಬಹುದು. ಅದರಲ್ಲಿ 0.5 ಬರುವುದು ಎರಡೇ ಎರಡು ಜೋಡಣೆಗೆ, ಮೊದಲು ಹೇಳಿದ್ದು ಮತ್ತು ಅದನ್ನೇ ತಿರುಗಿಸಿದ್ದು. ಅದಕ್ಕಿಂತ ಜಾಸ್ತಿ ಯಾವುದಕ್ಕೂ ಬರುವುದಿಲ್ಲ. ಹಾಗಾದರೆ ಪರ್ಮ್ಯುಟೇಷನ್ ಪಿ-ವ್ಯಾಲ್ಯೂ 2 ಭಾಗಿಸು 24, ಅಂದರೆ 0.083. ನಾಲ್ಕು ಜಾಗದಲ್ಲಿ ಇದಕ್ಕಿಂತ ಚೆನ್ನಾಗಿ ಗುಂಪುಗೂಡಲು ಸಾಧ್ಯವೇ ಇಲ್ಲ, ಆದರೂ 5 ಪರ್ಸೆಂಟ್ ಮುಟ್ಟುವುದಿಲ್ಲ. ಕಡಿಮೆ ಜಾಗ ಇದ್ದಾಗ 'ಸಿಗ್ನಿಫಿಕೆಂಟ್ ಇಲ್ಲ' ಅನ್ನುವ ಮಾತಿಗೆ ಎಷ್ಟು ಕಡಿಮೆ ಅರ್ಥ ಅಂತ ನನಗೆ ಇದನ್ನು ಬರೆದು ನೋಡಿದಾಗಲೇ ಹೊಳೆದದ್ದು.

(ಒಂದು ಎಚ್ಚರಿಕೆ: ಈ ಅದಲುಬದಲು ಆಟ ನೇರ ಡೇಟಾಗೆ ಸರಿ. ರಿಗ್ರೆಷನ್ ರೆಸಿಡ್ಯುಯಲ್‌ಗಳು ಒಂದಕ್ಕೊಂದು ಮೊದಲೇ ಅಂಟಿಕೊಂಡಿರುತ್ತವೆ, ಅವನ್ನು ಹಾಗೇ ಅದಲುಬದಲು ಮಾಡಿದರೆ ಉತ್ತರ ಅಂದಾಜು ಮಾತ್ರ.)

ಮೊದಲಪಾಠ:
ಪೇಪರ್ ಮೇಲೆ ಮಾಡಿದೆ, ಸರಿಯಾಗಿ ಬಂತು. ಮೈನಸ್ 7 ಕೂಡ. ತುಂಬಾ ಥ್ಯಾಂಕ್ಸ್!

ಸಂಶಯಿ:
ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಹೆಟೆರೋಸ್ಕೆಡಾಸ್ಟಿಸಿಟಿ. ಇದೇ ಓಎಲ್ಎಸ್‌ಗೆ ಅದನ್ನು ಹಿಡಿಯುವ ಬ್ರೂಶ್-ಪೇಗನ್ ಟೆಸ್ಟ್ ಹಾಕಿ ನೋಡಿ, ಸ್ಟುಡೆಂಟೈಸ್ಡ್ ರೂಪದಲ್ಲಿ ಸುಮಾರು 7.2 ಬರುತ್ತದೆ, ಎರಡು ಡಿಗ್ರಿಗೆ ಗಡಿ 5.99. ಅಂದರೆ ಎಲ್ಲಾ ಬಡಾವಣೆಗಳ ವೇರಿಯನ್ಸ್ ಒಂದೇ ಅಲ್ಲ. ಆದರೆ ಎಲ್ಎಂ ಟೆಸ್ಟ್‌ಗಳು ನಿಂತಿರುವುದೇ ವೇರಿಯನ್ಸ್ ಒಂದೇ ಅನ್ನುವ ನಂಬಿಕೆ ಮೇಲೆ. ಉಲ್ಟಾ ಕೂಡ ನಿಜ, ಸ್ಪೇಷಿಯಲ್ ಸಂಬಂಧ ಇದ್ದರೆ ಬ್ರೂಶ್-ಪೇಗನ್ ಕೂಡ ದಾರಿ ತಪ್ಪುತ್ತದೆ. ಎರಡು ರೋಗಕ್ಕೂ ಒಂದೇ ಜ್ವರ. ಜ್ವರ ನೋಡಿ ರೋಗದ ಹೆಸರು ಹೇಳಬೇಡಿ.

ಬಾರ್ನ್ ಮತ್ತು ಬ್ರೈಟುಂಗ್ 2011ರಲ್ಲಿ ಹೆಟೆರೋಸ್ಕೆಡಾಸ್ಟಿಸಿಟಿ ಇದ್ದರೂ ನಿಲ್ಲುವ ಸರಳ ರಿಗ್ರೆಷನ್ ರೂಪದ ಟೆಸ್ಟ್‌ಗಳನ್ನು ಕೊಟ್ಟಿದ್ದಾರೆ. ಅದನ್ನು ಪಕ್ಕಕ್ಕೆ ಇಟ್ಟು ನೋಡುವುದು ಒಳ್ಳೇದು.

ಇನ್ನು ಡಬ್ಲ್ಯೂ. ಇಷ್ಟು ಹೊತ್ತು ಮಾತಾಡಿದ ಪ್ರತಿ ಟೆಸ್ಟ್ 'ಡಬ್ಲ್ಯೂ ಸರಿ ಇದೆ' ಅಂತ ಮೊದಲೇ ಒಪ್ಪಿಕೊಂಡಿದೆ. ಯಾರು ಯಾರಿಗೆ ನೆರೆ ಅಂತ ನೀವು ಬರೆದುಕೊಟ್ಟಿದ್ದು, ಡೇಟಾ ಹೇಳಿದ್ದಲ್ಲ. ಗಡಿ ಹಂಚಿಕೊಂಡವರು, ಮೂಲೆ ಮುಟ್ಟಿದವರು, ಹತ್ತಿರದ ನಾಲ್ವರು, ಇಷ್ಟು ದೂರದ ಒಳಗಿನವರು, ಒಂದೊಂದಕ್ಕೂ ಬೇರೆ ಸಂಖ್ಯೆ. ಜನ ಹತ್ತು ಡಬ್ಲ್ಯೂ ಹಾಕಿ ನೋಡಿ ಚೆಂದ ಬಂದದ್ದನ್ನು ಮಾತ್ರ ಪೇಪರ್‌ನಲ್ಲಿ ಹಾಕುವುದನ್ನು ನೋಡಿದ್ದೇನೆ, ನನಗೆ ನಿಜವಾಗಿ ಬೇಜಾರಾಗುತ್ತದೆ. ಆಮೇಲೆ ಆ ಪಿ-ವ್ಯಾಲ್ಯೂಗೆ ಬೆಲೆ ಎಲ್ಲಿದೆ? ಡೇಟಾ ನೋಡುವ ಮೊದಲೇ ಒಂದು ಡಬ್ಲ್ಯೂ ಬರೆದಿಡಿ, ಕಾರಣ ಸಮೇತ. ಉಳಿದವನ್ನು ಹೋಲಿಕೆಗೆ ಅಂತ ಎಲ್ಲವನ್ನೂ ತೋರಿಸಿ.

ನಕ್ಷೆಗಾರ:
ಡಬ್ಲ್ಯೂ ಬಗ್ಗೆ ಅಷ್ಟೊಂದು ಹೆದರಬೇಕಾಗಿಲ್ಲ ಅನ್ನುವವರೂ ಇದ್ದಾರೆ. ಲೆಸೇಜ್ ಮತ್ತು ಪೇಸ್ 2014ರಲ್ಲಿ ಇದನ್ನು ಈ ಕ್ಷೇತ್ರದ ಅತಿ ದೊಡ್ಡ ಮಿಥ್ಯೆ ಅಂತಲೇ ಕರೆದರು. ಗುಣಾಂಕ ನೋಡದೆ ಕೊನೆಯ ಪರಿಣಾಮಗಳನ್ನು ಹೋಲಿಸಿದರೆ, ಒಂದಕ್ಕೊಂದು ಹತ್ತಿರ ಇರುವ ಡಬ್ಲ್ಯೂಗಳು ಹತ್ತಿರದ ಉತ್ತರವನ್ನೇ ಕೊಡುತ್ತವೆ ಅನ್ನುವುದು ಅವರ ವಾದ.

ಕ್ರಮದ ಬಗ್ಗೆಯೂ ಹೇಳಬೇಕು. ನಾನು ಹೇಳಿದ್ದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ದಾರಿ. ಫ್ಲೋರಾಕ್ಸ್, ಫೋಲ್ಮರ್, ರೇ 2003ರಲ್ಲಿ ಸಿಮ್ಯುಲೇಷನ್ ಮಾಡಿ, ದೊಡ್ಡ ಮಾಡೆಲ್‌ನಿಂದ ಕೆಳಗೆ ಇಳಿಯುವ ದಾರಿಗಿಂತ ಇದೇ ವಾಸಿ ಅಂತ ತೋರಿಸಿದ್ದಾರೆ. ಹಾಗಾಗಿ ನಾನು ಸುಮ್ನೆ ಹೇಳಿದ್ದಲ್ಲ.

ಸಂಶಯಿ:
ಡಬ್ಲ್ಯೂಗಳು ಹತ್ತಿರ ಇದ್ದರೆ, ಒಪ್ಪಿದೆ. ಆದರೆ 'ಹತ್ತಿರದ ನಾಲ್ವರು' ಮತ್ತು 'ಇಡೀ ಪ್ರದೇಶ' ಹತ್ತಿರದ ಡಬ್ಲ್ಯೂ ಅಲ್ಲ.

ಹಳೇಲೆಕ್ಕಿಗ:
2003ರ ಆ ಫಲಿತಾಂಶ ನಿಜ. ಆದರೆ ಸಿಮ್ಯುಲೇಷನ್‌ನಲ್ಲಿ ಅಸಲಿ ಮಾಡೆಲ್ ಲ್ಯಾಗ್ ಅಥವಾ ಎರರ್ ಅಂತ ಮೊದಲೇ ಗೊತ್ತಿರುತ್ತದೆ, ನಮ್ಮ ಡೇಟಾದಲ್ಲಿ ಹಾಗಿಲ್ಲ. ಎಲ್‌ಹಾರ್ಸ್ಟ್ 2010ರಲ್ಲಿ ಎರಡನ್ನೂ ಬೆರೆಸಿದ ದಾರಿ ಹೇಳಿದರು: ಎಲ್ಎಂ ಟೆಸ್ಟ್ ಓಎಲ್ಎಸ್ ಬೇಡ ಅಂದರೆ ನೇರ ಸ್ಪೇಷಿಯಲ್ ಡರ್ಬಿನ್‌ಗೆ (ನೆರೆಯ ವೈ, ನೆರೆಯ ಎಕ್ಸ್ ಎರಡೂ ಇರುವ ಮಾಡೆಲ್) ಹೋಗಿ, ಅಲ್ಲಿಂದ ಲ್ಯಾಗ್‌ಗೆ ಇಳಿಯಬಹುದಾ, ಎರರ್‌ಗೆ ಇಳಿಯಬಹುದಾ ಅಂತ ಕೇಳಿ. ನನಗೆ ಇದೇ ಇಷ್ಟ. ಮೇಲೆ ಹೇಳಿದ ತೊಂದರೆ, ಅಂದರೆ ರೋಬಸ್ಟ್ ಎಲ್ಎಂ-ಲ್ಯಾಗ್ ನೆರೆಯ ಎಕ್ಸ್ ಮತ್ತು ನೆರೆಯ ವೈ ನಡುವೆ ಭೇದ ಮಾಡದಿರುವುದು, ಡರ್ಬಿನ್‌ನಲ್ಲಿ ಕಣ್ಣಿಗೆ ಕಾಣುತ್ತದೆ. ಅಲ್ಲಿ ಎರಡೂ ಬೇರೆ ಬೇರೆ ಗುಣಾಂಕ.

ಮೊದಲಪಾಠ ಅವರೇ, ಲ್ಯಾಗ್, ಎರರ್, ಡರ್ಬಿನ್ ಮೂರನ್ನೂ ಮ್ಯಾಕ್ಸಿಮಮ್ ಲೈಕ್ಲಿಹುಡ್‌ನಲ್ಲಿ ಹಾಕಿ, ಲಾಗ್-ಲೈಕ್ಲಿಹುಡ್ (ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕ) ಇಲ್ಲಿ ಬರೆಯಿರಿ.

ಮೊದಲಪಾಠ:
ಮಾಡಿದೆ ಸರ್. ಓಎಲ್ಎಸ್ ಮೈನಸ್ 187.38, ಎರರ್ ಮೈನಸ್ 183.38, ಲ್ಯಾಗ್ ಮೈನಸ್ 182.39, ಡರ್ಬಿನ್ ಮೈನಸ್ 181.39.

ಲ್ಯಾಗ್‌ನಲ್ಲಿ ರೋ 0.43, ಎರರ್‌ನಲ್ಲಿ ಲ್ಯಾಂಬ್ಡಾ (ನೆರೆಯವರ ಎರರ್‌ಗೆ ಇರುವ ಗುಣಾಂಕ) 0.56. ಇಲ್ಲೊಂದು ವಿಚಿತ್ರ ಕಂಡಿತು. ರೋ ಸೊನ್ನೆಯಾ ಅಂತ ಮೂರು ಥರ ಕೇಳಿದರೆ ಮೂರು ಉತ್ತರ. ವಾಲ್ಡ್ 13.42, ಲೈಕ್ಲಿಹುಡ್ ರೇಷಿಯೋ 9.97, ಎಲ್ಎಂ 9.36. ಎರರ್‌ಗೆ 17.61, 7.99, 5.72. ಪ್ರಶ್ನೆ ಒಂದೇ ಅಲ್ವಾ?

ಗುಣಾಕಾರ:
ಪ್ರಶ್ನೆ ಒಂದೇ, ನಿಂತು ಕೇಳುವ ಜಾಗ ಬೇರೆ. ಎಲ್ಎಂ ಸೊನ್ನೆಯ ಹತ್ತಿರ ನಿಂತು, 'ಇಲ್ಲಿಂದ ಹೊರಟರೆ ಲೈಕ್ಲಿಹುಡ್ ಎಷ್ಟು ಕಡಿದಾಗಿ ಏರುತ್ತದೆ' ಅಂತ ನೋಡುತ್ತದೆ. ವಾಲ್ಡ್ ಶಿಖರದ ಮೇಲೆ ನಿಂತು, 'ಸೊನ್ನೆ ಎಷ್ಟು ದೂರ' ಅಂತ ಅಳೆಯುತ್ತದೆ. ರೇಷಿಯೋ ಎರಡೂ ಜಾಗದ ಎತ್ತರ ಹೋಲಿಸುತ್ತದೆ. ಜಾಗಗಳ ಸಂಖ್ಯೆ ತುಂಬಾ ದೊಡ್ಡದಾದರೆ ಮೂರೂ ಒಂದಾಗುತ್ತವೆ. 49ರಲ್ಲಿ ಆಗುವುದಿಲ್ಲ. ವಾಲ್ಡ್ ದೊಡ್ಡದು, ಎಲ್ಎಂ ಚಿಕ್ಕದು ಅನ್ನುವ ಕ್ರಮ ನಿಮ್ಮಲ್ಲಿ ಸರಿಯಾಗಿದೆ. ಆದರೆ ಎರರ್‌ನಲ್ಲಿ 17.61ಕ್ಕೂ 5.72ಕ್ಕೂ ಮೂರು ಪಟ್ಟು ಅಂತರ ಇದೆ ನೋಡಿ. ಅಷ್ಟು ಅಗಲ ಬಾಯಿ ತೆರೆದಿದ್ದರೆ ಒಂದೋ ಡೇಟಾ ಚಿಕ್ಕದು, ಅಥವಾ ಮಾಡೆಲ್ ಸರಿ ಕೂತಿಲ್ಲ.

ಹಳೇಲೆಕ್ಕಿಗ:
ಈಗ ಡರ್ಬಿನ್‌ನಿಂದ ಕೆಳಗೆ ಇಳಿಯೋಣ.

ಲ್ಯಾಗ್‌ಗೆ ಇಳಿಯಬೇಕಾದರೆ ನೆರೆಯ ಎಕ್ಸ್‌ಗಳ ಗುಣಾಂಕ ಎರಡೂ ಸೊನ್ನೆ ಆಗಬೇಕು. ಲಾಗ್-ಲೈಕ್ಲಿಹುಡ್ ವ್ಯತ್ಯಾಸದ ಎರಡರಷ್ಟು, ಸುಮಾರು 2. ಗಡಿ 5.99. ತಿರಸ್ಕರಿಸಲು ಆಗುವುದಿಲ್ಲ.

ಎರರ್‌ಗೆ ಇಳಿಯಬೇಕಾದರೆ ಶರತ್ತು ಬೇರೆ. ನೆರೆಯ ಎಕ್ಸ್‌ನ ಗುಣಾಂಕ, ಮೈನಸ್ ರೋ ಗುಣಿಸು ಬೀಟಾಗೆ (ಸ್ವಂತ ಎಕ್ಸ್‌ನ ಗುಣಾಂಕ) ಸಮ ಇರಬೇಕು. ಇದನ್ನೇ ಕಾಮನ್ ಫ್ಯಾಕ್ಟರ್ ಟೆಸ್ಟ್ ಅನ್ನುವುದು. ವ್ಯತ್ಯಾಸದ ಎರಡರಷ್ಟು ಸುಮಾರು 4. ಅದೂ 5.99ರ ಒಳಗೆ. ಅದನ್ನೂ ತಿರಸ್ಕರಿಸಲು ಆಗುವುದಿಲ್ಲ.

ಅಂದರೆ ಡೇಟಾ ಎರಡಕ್ಕೂ 'ಸರಿ' ಅನ್ನುತ್ತಿದೆ. ನಿಮ್ಮ ಡರ್ಬಿನ್ ಔಟ್‌ಪುಟ್‌ನಲ್ಲಿ ಆದಾಯದ ಸಾಲು ನೋಡಿ, ಸ್ವಂತ ಆದಾಯಕ್ಕೆ ಮೈನಸ್ 0.91, ರೋ 0.43 ಇರಬೇಕು. ಎರರ್ ಮಾಡೆಲ್ ನಿಜವಾಗಿದ್ದರೆ ನೆರೆಯ ಆದಾಯಕ್ಕೆ ಪ್ಲಸ್ 0.39ರ ಹತ್ತಿರ ಬರಬೇಕಿತ್ತು. ಬಂದದ್ದು ಮೈನಸ್ 0.52. ಚಿಹ್ನೆಯೇ ಉಲ್ಟಾ! ಆದರೂ ಟೆಸ್ಟ್ ಬೇಡ ಅನ್ನುತ್ತಿಲ್ಲ, ಯಾಕೆಂದರೆ ಸ್ಟ್ಯಾಂಡರ್ಡ್ ಎರರ್ ಅಷ್ಟು ದೊಡ್ಡದು.

ಸಂಶಯಿ:
ಮತ್ತೆ ಇದರಿಂದ ಏನು ವ್ಯತ್ಯಾಸ ಅಂತ ಕೇಳುವವರಿಗೆ ಒಂದು ಮಾತು. ಲ್ಯಾಗ್ ಮತ್ತು ಡರ್ಬಿನ್‌ನಲ್ಲಿ ಬೀಟಾವನ್ನು ನೇರ ಓದಬಾರದು. ನನ್ನ ಆದಾಯ ನನ್ನ ವೈ ಬದಲಿಸುತ್ತದೆ, ಅದು ನೆರೆಯವರ ವೈ ಬದಲಿಸುತ್ತದೆ, ಅದು ತಿರುಗಿ ನನಗೇ ಬರುತ್ತದೆ. ಸಾಲು ಕೂಡಿದರೆ 1 ಆಗುವ ಡಬ್ಲ್ಯೂ ಇದ್ದರೆ ಒಟ್ಟು ಪರಿಣಾಮ ಸುಲಭ: ಬೀಟಾವನ್ನು 1 ಮೈನಸ್ ರೋದಿಂದ ಭಾಗಿಸಿ. ಡರ್ಬಿನ್ ಆದರೆ ಮೊದಲು ನೆರೆಯ ಗುಣಾಂಕವನ್ನೂ ಕೂಡಿಸಿಕೊಳ್ಳಿ.

ಆದಾಯದ ಒಟ್ಟು ಪರಿಣಾಮವನ್ನು ನಾಲ್ಕೂ ಮಾಡೆಲ್‌ನಲ್ಲಿ ಪಕ್ಕಪಕ್ಕ ಇಟ್ಟು ಬರೆಯಿರಿ ನೋಡೋಣ.

ಮೊದಲಪಾಠ:
ಎರರ್ ಮೈನಸ್ 0.94. ಓಎಲ್ಎಸ್ ಮೈನಸ್ 1.60. ಲ್ಯಾಗ್ ಮೈನಸ್ 1.81, ಅದರಲ್ಲಿ ನೇರ ಮೈನಸ್ 1.09, ಉಳಿದದ್ದು ನೆರೆಯ ಮೂಲಕ. ಡರ್ಬಿನ್ ಮೈನಸ್ 2.50.

ಅಯ್ಯೋ, ಇಷ್ಟೊಂದು ಅಂತರವಾ?

ಹಳೇಲೆಕ್ಕಿಗ:
ಹೌದು. ಒಂದು ತುದಿಗೂ ಇನ್ನೊಂದು ತುದಿಗೂ ಎರಡೂವರೆ ಪಟ್ಟಿಗಿಂತ ಜಾಸ್ತಿ. ಮತ್ತು ಮೂರು ಸ್ಪೇಷಿಯಲ್ ಮಾಡೆಲ್‌ಗಳ ಲಾಗ್-ಲೈಕ್ಲಿಹುಡ್ ಅಂತರ ಬರೀ 2. 'ರೋಬಸ್ಟ್ ಎಲ್ಎಂ ದೊಡ್ಡದಿತ್ತು, ಹಾಗಾಗಿ ಲ್ಯಾಗ್' ಅಂತ ಒಂದು ಸಾಲು ಬರೆದು ಮೈನಸ್ 1.81 ಒಂದನ್ನೇ ಟೇಬಲ್‌ನಲ್ಲಿ ಹಾಕಿದರೆ, ಓದುವವರಿಗೆ ಈ ಅಂತರ ಕಾಣುವುದೇ ಇಲ್ಲ.

ಇನ್ನೊಂದು ಸುಳಿವು ಇಲ್ಲೇ ಇದೆ. ಎರರ್ ಮಾಡೆಲ್ ನಿಜವಾಗಿದ್ದರೆ ಓಎಲ್ಎಸ್ ಗುಣಾಂಕ ಕೂಡ ಸರಿಯಾದ ಜಾಗಕ್ಕೇ ಹೋಗಬೇಕು, ಸ್ಟ್ಯಾಂಡರ್ಡ್ ಎರರ್ ಮಾತ್ರ ಕೆಡಬೇಕು. ಮೈನಸ್ 1.60 ಮತ್ತು ಮೈನಸ್ 0.94 ಒಂದೇ ಜಾಗದ ಹಾಗೆ ಕಾಣುತ್ತದಾ? ಪೇಸ್ ಮತ್ತು ಲೆಸೇಜ್ 2008ರಲ್ಲಿ ಇದನ್ನೇ ಹೌಸ್‌ಮನ್ ಟೆಸ್ಟ್ ಮಾಡಿದ್ದಾರೆ. ಅಂತರ ದೊಡ್ಡದಾಗಿ ಬಂದರೆ ಏನೋ ಬಿಟ್ಟುಹೋಗಿದೆ ಅಂತ. ಅದನ್ನೂ ಒಂದು ಸಲ ಓಡಿಸಿ.

ನಕ್ಷೆಗಾರ:
ನಾನು ಮೊದಲು 'ಲ್ಯಾಗ್ ಹಾಕಿ ಮುಂದೆ ಹೋಗಿ' ಅಂದಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಮುಂದೆ ಹೋಗುವ ಮೊದಲು ಈ ನಾಲ್ಕು ಸಂಖ್ಯೆ ಪಕ್ಕಪಕ್ಕ ಇಡಲೇಬೇಕು.

ಆದರೆ ಲ್ಯಾಗ್ ಮಾಡೆಲ್ ಪರ ಒಂದು ಮಾತು: ಅದನ್ನು ಹಾಕಿದ ಮೇಲೆ ರೆಸಿಡ್ಯುಯಲ್‌ಗೆ ಎಲ್ಎಂ ಟೆಸ್ಟ್ ಮಾಡಿದರೆ 0.32 ಬರುತ್ತದೆ, ಪಿ-ವ್ಯಾಲ್ಯೂ 0.57. ಉಳಿದ ಸಂಬಂಧ ಏನೂ ಕಾಣುವುದಿಲ್ಲ.

ಮೊದಲಪಾಠ:
ಎಲ್ಲರಿಗೂ ತುಂಬಾ ಧನ್ಯವಾದ. ನನ್ನ ಸ್ವಂತ ಡೇಟಾಗೆ ಹೋಗುವಾಗ ಈ ಕ್ರಮ ಅಂದುಕೊಂಡಿದ್ದೇನೆ: ಡಬ್ಲ್ಯೂ ಮೊದಲೇ ಬರೆದಿಡುವುದು, ಓಎಲ್ಎಸ್, ಮೊರಾನ್ ಮತ್ತು ಎಲ್ಎಂಗಳು, ಬ್ರೂಶ್-ಪೇಗನ್, ಆಮೇಲೆ ಮೂರು ಮಾಡೆಲ್ ಒಟ್ಟಿಗೆ, ಪರಿಣಾಮಗಳನ್ನು ಒಂದೇ ಟೇಬಲ್‌ನಲ್ಲಿ. ಸರಿಯಾ?

ಹಳೇಲೆಕ್ಕಿಗ:
ಸರಿ. ಓಎಲ್ಎಸ್ ಮತ್ತು ಆ ಮೂರರ ನಡುವೆ ನೆರೆಯ ಎಕ್ಸ್ ಮಾತ್ರ ಸೇರಿಸಿದ ರಿಗ್ರೆಷನ್ ಒಂದನ್ನೂ ಹಾಕಿ, ಆ ಗುಣಾಂಕಗಳಿಗೆ ಎಫ್ ಟೆಸ್ಟ್ ಮಾಡಿ. ಅದಕ್ಕೆ ಓಎಲ್ಎಸ್ ಸಾಕು, ಎರಡು ಸಾಲಿನ ಕೋಡ್. ಆಮೇಲೆ ರೆಸಿಡ್ಯುಯಲ್ ನಕ್ಷೆ ಬಿಡಿಸಿ. ಕೆಂಪು ಒಂದೇ ಮೂಲೆಯಲ್ಲಿ ಕೂತಿದ್ದರೆ, ಆ ಮೂಲೆಯಲ್ಲಿ ಏನಿದೆ ಅಂತ ಮೊದಲು ಕೇಳಿ. ಬಂದ ನಕ್ಷೆಯನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.